ಅಜ್ಜನ ಕಡವೆ ಚರ್ಮದ ಚಡ್ಡಿ

ಕ್ವಿರಿನ್ ಹೀಬ್ಲರನ ಆ ಭಾನುವಾರ ಹದಗೆಡಲು ಕಾರಣವಾದದ್ದು ಒಂದು ಗುಂಡಿ. ಕಡವೆಯ ಕೊಂಬಿನಲ್ಲಿ ಕಡೆದ, ಕಡಲೇಬೀಜದಷ್ಟು ಗಾತ್ರದ ಗುಂಡಿ. ಅದು ತನ್ನ ಕಾಜಿನಿಂದ ನಾಲ್ಕು ಬೆರಳು ದೂರದಲ್ಲಿ ನಿಂತು, ಮದುವೆಮನೆಯಲ್ಲಿ ಮುನಿಸಿಕೊಂಡ ನೆಂಟನ ಹಾಗೆ, ಏನು ಮಾಡಿದರೂ ಹತ್ತಿರ ಬರುವುದಿಲ್ಲವೆಂದು ಹಟ ಹಿಡಿದಿತ್ತು.

"ಉಸಿರು ಒಳಗೆಳ್ಕೋ," ಎಂದಳು ಹೆಂಡತಿ ಬುರ್ಗಿ.

"ಎಳ್ಕೊಂಡಿದೀನಿ."

"ಇನ್ನೂ ಎಳ್ಕೋ."

"ಇನ್ನೂ ಎಳ್ಕೊಂಡ್ರೆ ಹೊಟ್ಟೆ ಬೆನ್ನಿಂದಾಚೆ ಬರುತ್ತೆ ಕಣೇ!"

ಕ್ವಿರಿನ್ ಮಲಗುವ ಕೋಣೆಯ ನೆಲದ ಮೇಲೆ ಅಂಗಾತ ಮಲಗಿದ್ದ. ಬುರ್ಗಿ ಅವನ ಹೊಟ್ಟೆಯ ಮೇಲೆ ಒಂದು ಮಂಡಿಯೂರಿ, ಹಾಸಿಗೆ ಸುತ್ತುವವರ ಹಾಗೆ ಎರಡೂ ಕಡೆಯ ಚರ್ಮ ಹಿಡಿದು ಜಗ್ಗುತ್ತಿದ್ದಳು.

ಆಶೆನ್‌ಬ್ರುನ್ ಊರಿನಲ್ಲಿ ಬಿಯರ್ ಹಬ್ಬದ ಮೊದಲ ಭಾನುವಾರ ಚರ್ಮದ ಚಡ್ಡಿ ಹಾಕದೆ ಬಂದ ಗಂಡಸನ್ನು ಜನ ಏನೂ ಹಾಕದೆ ಬಂದವನನ್ನು ನೋಡಿದ ಹಾಗೆ ನೋಡುತ್ತಾರೆ. ಅದರಲ್ಲೂ ಹೀಬ್ಲರ್ ಮನೆಯ ಚಡ್ಡಿ ಅಂಗಡಿಯಲ್ಲಿ ತೂಗುಹಾಕಿದ ಚಡ್ಡಿಯಲ್ಲ. ಕ್ವಿರಿನನ ಅಜ್ಜ ಕ್ಸಾವರ್ ಹರೆಯದಲ್ಲಿ ಎರಡು ಕಡವೆಗಳ ಚರ್ಮ ಕೊಟ್ಟು ಹೊಲಿಸಿದ್ದು. ಮಂಡಿಯ ಕೆಳಗೆ ಕಟ್ಟುವ ದಾರ, ತೊಡೆಯ ಮೇಲೆ ಹಸಿರು ರೇಷ್ಮೆಯಲ್ಲಿ ಓಕ್ ಎಲೆಗಳು, ಎದೆಯ ಮೇಲೆ ಅಡ್ಡಪಟ್ಟಿ ಕೂಡಿದ ಅಗಲವಾದ ಹೆಗಲಪಟ್ಟಿ. ಎಪ್ಪತ್ತು ವರ್ಷದ ಬಿಯರು, ಬೆವರು, ಕೋಳಿಯ ಜಿಡ್ಡು ಕುಡಿದು ಚರ್ಮ ದೋಸೆಹಂಚಿನ ಹಾಗೆ ಕಪ್ಪಾಗಿ ಹೊಳೆಯುತ್ತಿತ್ತು. ಆ ಹೊಳಪು ಕಂಡರೆ ಊರಿನ ಹುಡುಗರಿಗೆ ಹೊಟ್ಟೆಕಿಚ್ಚು. ಅದನ್ನು ದುಡ್ಡು ಕೊಟ್ಟು ತರಲಾಗುವುದಿಲ್ಲ, ತಲೆಮಾರು ಕಳೆಯಬೇಕು.

ಅಜ್ಜ ತೀರಿಕೊಂಡಾಗ ಮನೆ, ಗದ್ದೆ, ಹಂದಿಗೂಡು ಯಾವುದರ ಮೇಲೂ ಮನೆಯವರು ಜಗಳವಾಡಲಿಲ್ಲ. ಜಗಳವಾದದ್ದು ಚಡ್ಡಿಗೆ. ಇಬ್ಬರು ಮೊಮ್ಮಕ್ಕಳು, ಕ್ವಿರಿನ್ ಮತ್ತು ಅವನ ಚಿಕ್ಕಪ್ಪನ ಮಗ ವೀಟಸ್, ಇಬ್ಬರೂ ತನಗೆ ಬೇಕು ಎಂದರು. ಆಗ ಅಜ್ಜಿ ಕ್ರೆಸೆನ್ಸ್ ಊರುಗೋಲನ್ನು ನೆಲಕ್ಕೆ ಕುಟ್ಟಿ ತೀರ್ಪು ಕೊಟ್ಟಳು.

"ಯಾರಿಗೆ ಸರಿಹೋಗುತ್ತೋ ಅವನದು. ವರ್ಷಾ ವರ್ಷಾ ಹಬ್ಬದ ಮೊದಲನೇ ಭಾನುವಾರ ನನ್ನ ಕಣ್ಣೆದುರಿಗೆ ಹಾಕ್ಕೊಂಡು ಬರಬೇಕು. ಯಾವತ್ತು ಸರಿಹೋಗಲ್ವೋ ಅವತ್ತು ಇನ್ನೊಬ್ಬನಿಗೆ."

ಆಗ ಕ್ವಿರಿನನಿಗೆ ಅದು ಅಚ್ಚಿಗೆ ಎರಕ ಹೊಯ್ದ ಹಾಗೆ ಕೂತಿತು. ಹತ್ತು ವರ್ಷ ಕೂತಿತು. ಆದರೆ ಕ್ವಿರಿನನ ಕೆಲಸ ರೈಲ್ವೆ ಸಿಗ್ನಲ್ ಕೋಣೆಯಲ್ಲಿ. ದಿನಕ್ಕೆ ಒಂಬತ್ತು ರೈಲು, ಎಂಟು ಗಂಟೆ ಕುರ್ಚಿ. ಬುರ್ಗಿಯ ಕೈಯ ಪ್ಲಮ್ ಹಣ್ಣಿನ ಕೇಕು ಸುತ್ತ ಹತ್ತೂರಿಗೆ ಹೆಸರಾದದ್ದು. ಚಡ್ಡಿ ಅಷ್ಟೇ ಇತ್ತು, ಕ್ವಿರಿನ್ ಅಷ್ಟೇ ಇರಲಿಲ್ಲ. ಅತ್ತ ವೀಟಸ್ ಭೂಮಾಪಕ. ಬೆಟ್ಟ ಗುಡ್ಡ ಹತ್ತಿ ಇಳಿದು ಬಿದಿರ ಗಳದ ಹಾಗೆ ಉಳಿದಿದ್ದ. ಪ್ರತಿ ವರ್ಷ ಹಬ್ಬಕ್ಕೆ ಬಂದು, ಕ್ವಿರಿನನ ಸೊಂಟವನ್ನು ಕಣ್ಣಲ್ಲೇ ಅಳೆದು, "ಮುಂದಿನ ವರ್ಷ," ಎಂದು ಮೆಲ್ಲಗೆ ಹೇಳಿ ಹೋಗುತ್ತಿದ್ದ.

ಅಷ್ಟರಲ್ಲಿ ಪಕ್ಕದ ಮನೆಯ ಬೇಕರಿ ಬಾರ್ಟ್ಲ್ ಕರೆಯಲು ಬಂದ. ಅವನ ವ್ಯಾನಿನಲ್ಲೇ ಎಲ್ಲರೂ ಹಬ್ಬಕ್ಕೆ ಹೋಗಬೇಕಿತ್ತು. ಬಾಗಿಲಲ್ಲಿ ನಿಂತು ಒಳಗಿನ ನೋಟ ಕಂಡು, "ಅಯ್ಯೋ, ಆಮೇಲೆ ಬರ್ತೀನಿ," ಎಂದು ತಿರುಗಿದ.

"ಬಾರೋ ಒಳಗೆ! ಹಿಟ್ಟು ನಾದೋ ಕೈ ಈಗ ಬೇಕಾಗಿದೆ," ಎಂದು ಬುರ್ಗಿ ಕೂಗಿದಳು.

ಬಾರ್ಟ್ಲ್ ಅಂಗಿಯ ತೋಳು ಮಡಚಿ ಕೂತ. ಇಪ್ಪತ್ತೈದು ವರ್ಷ ಹಿಟ್ಟಿನ ಜೊತೆ ಗುದ್ದಾಡಿದವನು. ಕ್ವಿರಿನನ ಹೊಟ್ಟೆಯನ್ನು ಎಡದಿಂದ ಮಡಚಿದ, ಬಲದಿಂದ ಒತ್ತಿದ, ಮೇಲಕ್ಕೆ ತಳ್ಳಿ ಎದೆಗೆ ಸೇರಿಸಿದ. ಬುರ್ಗಿ ಬೂಟಿನ ಕೊಕ್ಕೆ ತೂರಿಸಿ ಗುಂಡಿಯನ್ನು ಎಳೆದಳು. ಟಪ್ ಎಂದಿತು. ಗುಂಡಿ ಕಾಜು ಸೇರಿತು. ಮೂವರೂ ಉಸಿರು ಬಿಟ್ಟರು. ಮೂವರಲ್ಲಿ ಕ್ವಿರಿನ್ ತುಸು ಕಡಿಮೆ ಬಿಟ್ಟ.

ಇಬ್ಬರೂ ಅವನನ್ನು ತೊಲೆಯ ಹಾಗೆ ಎತ್ತಿ ನಿಲ್ಲಿಸಿದರು.

"ಈಗ ಕೇಳು," ಎಂದಳು ಬುರ್ಗಿ. "ಕೂರಬೇಡ. ಬಗ್ಗಬೇಡ. ನಗಬೇಡ. ಸೀನು ಬಂದ್ರೆ ನುಂಗ್ಕೋ."

"ಊಟ?"

ಬುರ್ಗಿ ಅವನ ಟೋಪಿ ತಂದು ತಲೆಗೆ ಒತ್ತಿದಳು.

ವ್ಯಾನಿನ ಮುಂದೆ ಕೂರಲಾಗದೆ ಕ್ವಿರಿನ್ ಹಿಂದುಗಡೆ ರೊಟ್ಟಿ ಜೋಡಿಸುವ ಹಲಗೆಗಳ ನಡುವೆ, ಎರಡು ಕೈಯಲ್ಲೂ ಕಂಬಿ ಹಿಡಿದು ನಿಂತು ಪ್ರಯಾಣ ಮಾಡಿದ. ಪ್ರತಿ ತಿರುವಿಗೂ ಹಲಗೆಗಳ ಜೊತೆ ತಾನೂ ವಾಲಿದ. ಹಬ್ಬದ ಬಯಲಿನಲ್ಲಿ ಇಳಿದಾಗ ಟೋಪಿಯ ಮೇಲಿನ ಕಾಡುಮೇಕೆಯ ಕೂದಲ ಕುಚ್ಚಿನ ತನಕ ಹಿಟ್ಟು ಮೆತ್ತಿತ್ತು. ಬುರ್ಗಿ ಅವನನ್ನು ಹಳೆಯ ಕಂಬಳಿಯ ಹಾಗೆ ಬಡಿದು ಕೊಡವಿ ಡೇರೆಯೊಳಗೆ ಕಳಿಸಿದಳು.

ಒಳಗೆ ಸಾವಿರ ಜನ ಉದ್ದನೆಯ ಬೆಂಚುಗಳಲ್ಲಿ ಒತ್ತೊತ್ತಾಗಿ ಕೂತಿದ್ದರು. ಬ್ಯಾಂಡು ಬಾರಿಸುತ್ತಿತ್ತು. ಬಿಯರ್ ಹಂಚುವ ಆಫ್ರ ಎಂಬ ಗಟ್ಟಿಗಿತ್ತಿ ಎರಡು ಕೈಯಲ್ಲಿ ಲೀಟರ್ ಅಳತೆಯ ಹನ್ನೆರಡು ಮಗ್ಗುಗಳನ್ನು ಎದೆಗವಚಿಕೊಂಡು, "ದಾರಿ ಬಿಡ್ರೋ!" ಎನ್ನುತ್ತ ಹಡಗಿನ ಹಾಗೆ ಬರುತ್ತಿದ್ದಳು. ಹದಿನಾಲ್ಕನೇ ಮೇಜಿನ ತಲೆಯಲ್ಲಿ ತೊಂಬತ್ತೊಂದರ ಅಜ್ಜಿ ಕ್ರೆಸೆನ್ಸ್ ಅರ್ಧ ಕೋಳಿಯ ಮುಂದೆ ಮಹಾರಾಣಿಯಂತೆ ಕೂತಿದ್ದಳು. ಪಕ್ಕದಲ್ಲಿ ವೀಟಸ್. ಎದುರಿಗೆ ಅಗ್ನಿಶಾಮಕ ದಳದ ಮುಖ್ಯಸ್ಥ ಕಾಸ್ಪರ್, ಕ್ವಿರಿನನ ಬಾಲ್ಯದ ಗೆಳೆಯ.

ವೀಟಸ್ ಬೆಂಚನ್ನು ಕೈಯಿಂದ ಒರೆಸಿದ. "ಬಾ ಕ್ವಿರಿನ್, ನಿನಗೋಸ್ಕರಾನೇ ಜಾಗ ಹಿಡಿದಿಟ್ಟಿದೀನಿ. ಕೂತ್ಕೋ."

"ಆಮೇಲೆ ಕೂರ್ತೀನಿ. ನಿನ್ನೆ ಇಡೀ ದಿನ ಸಿಗ್ನಲ್ ಕೋಣೇಲಿ ಕೂತೂ ಕೂತೂ ಸಾಕಾಗಿದೆ."

"ನಿನ್ನೆ ನಿನಗೆ ರಜ ಇತ್ತಲ್ಲ. ನೀನು ಮಧ್ಯಾಹ್ನದವರೆಗೂ ಮಲಗಿದ್ದೆ ಅಂತ ಬುರ್ಗಿ ಹೇಳಿದ್ಲು."

"ಮಲಗೀ ಮಲಗೀನೂ ಸಾಕಾಗಿದೆ," ಎಂದ ಕ್ವಿರಿನ್.

ವೀಟಸನ ಕಣ್ಣು ನಿಧಾನವಾಗಿ ಕೆಳಗಿಳಿದು ಗುಂಡಿಯ ಮೇಲೆ ನಿಂತಿತು. ಗುಂಡಿ ತನ್ನ ದಾರದಲ್ಲಿ ಒಂದಿಷ್ಟು ನಡುಗುತ್ತಿತ್ತು. ಅಜ್ಜಿ ಕೋಳಿಯ ರೆಕ್ಕೆ ಮುರಿಯುತ್ತ ಮೊಮ್ಮಗನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ರೆಕ್ಕೆಗೆ ಬಾಯಿ ಹಾಕಿದಳು.

ಕಾಸ್ಪರನಿಗೆ ಗೆಳೆಯನ ಕಷ್ಟ ಅರ್ಥವಾಯಿತು. ಅಂದರೆ, ಅರ್ಥವಾಯಿತೆಂದು ಅವನು ಅಂದುಕೊಂಡ. ಎದ್ದು ಬಂದು ಕ್ವಿರಿನನ ಕಿವಿಯಲ್ಲಿ ಪಿಸುಗುಟ್ಟಿದ. ಆದರೆ ಮೂವತ್ತು ವರ್ಷ ಉರಿಯುವ ಕೊಟ್ಟಿಗೆಗಳ ಮುಂದೆ ನಿಂತು ಕೂಗಿದ ಗಂಟಲಿಗೆ ಪಿಸುಗುಟ್ಟುವುದು ಮರೆತುಹೋಗಿತ್ತು.

"ಮೂಲವ್ಯಾಧಿನಾ?"

ಬ್ಯಾಂಡು ಸರಿಯಾಗಿ ಆ ಗಳಿಗೆಯಲ್ಲೇ ಹಾಡು ಮುಗಿಸಿತ್ತು. ಹನ್ನೆರಡರಿಂದ ಹದಿನಾರರವರೆಗಿನ ಮೇಜುಗಳು ತಿರುಗಿ ನೋಡಿದವು.

"ಅಲ್ಲ!" ಎಂದ ಕ್ವಿರಿನ್.

"ನಾಚ್ಕೋಬೇಡಪ್ಪ. ನನಗೂ ಎರಡು ವರ್ಷದ ಹಿಂದೆ ಆಗಿತ್ತು. ಯಾರ ಹತ್ರಾನಾದ್ರೂ ದಿಂಬು ಇದೆಯಾ?"

ದಿಂಬು ಬಂತು. ಒಂದಲ್ಲ, ಮೂರು. ಹಿಂದಿನ ಮೇಜುಗಳಿಂದ ತಲೆಯ ಮೇಲಿಂದ ತಲೆಯ ಮೇಲಕ್ಕೆ ದಾಟಿಕೊಂಡು ಬಂದವು. ಔಷಧದಂಗಡಿಯ ಒಡತಿ ಎದ್ದು ನಿಂತು, "ಕ್ವಿರಿನ್, ನಾಳೆ ಬೆಳಗ್ಗೆ ಅಂಗಡಿಗೆ ಬಾ. ಒಳ್ಳೆ ಮುಲಾಮು ಬಂದಿದೆ. ಅಲ್ಲೀವರೆಗೂ ಮೂಲಂಗಿ ಮುಟ್ಟಬೇಡ!" ಎಂದಳು. ಅವನ ಮುಂದಿದ್ದ ಸುರುಳಿ ಕತ್ತರಿಸಿದ ಮೂಲಂಗಿಯ ತಟ್ಟೆಯನ್ನು ಬಾರ್ಟ್ಲ್ ಮರುಮಾತಿಲ್ಲದೆ ತನ್ನ ಕಡೆಗೆಳೆದುಕೊಂಡ. ನಿವೃತ್ತ ಮೇಷ್ಟರೊಬ್ಬರು ಬಂದು, ಬಿಸಿನೀರಿನ ಬೋಗುಣಿಯಲ್ಲಿ ಕೂರುವುದರ ಲಾಭವನ್ನು ವಿವರಿಸತೊಡಗಿದರು.

ಮೂರು ತಲೆಮಾರಿನ ಚಡ್ಡಿ ತೊಟ್ಟು ನಿಂತ ಗಂಡಸು ಎಷ್ಟೆಂದು ಸಹಿಸಿಕೊಂಡಾನು? ಕ್ವಿರಿನನ ಮುಖ ಕೆಂಪೇರಿತು. ಮಗ್ಗನ್ನು ಮೇಜಿಗೆ ಕುಟ್ಟಿ ಕೂಗಿದ.

"ನನಗೆ ಯಾವ ರೋಗಾನೂ ಇಲ್ಲ! ನಾನು ನಿಂತಿರೋದು ಗೌರವಕ್ಕೆ! ಈ ವರ್ಷ ನಮ್ಮೂರ ಬಿಯರಿಗೆ ನೂರೈವತ್ತು ವರ್ಷ. ನಮ್ಮಜ್ಜನ ಅಜ್ಜ ಕುಡಿದಿದ್ದು ಇದನ್ನೇ, ನಮ್ಮ ಮೊಮ್ಮಕ್ಕಳು ಕುಡಿಯೋದೂ ಇದನ್ನೇ. ಇವತ್ತೊಂದು ದಿನ ಇದನ್ನ ಕುಂಡೆ ಊರಿ ಕುಡಿಯೋಕೆ ನನಗೆ ಮನಸ್ಸಿಲ್ಲ. ಅಷ್ಟೇ!"

ಮಾತು ಎಲ್ಲಿಂದ ಬಂತೋ ಕ್ವಿರಿನನಿಗೇ ಗೊತ್ತಿರಲಿಲ್ಲ. ಕಾಸ್ಪರನ ಕಣ್ಣಲ್ಲಿ ನೀರಾಡಿತು. ಅವನು ದಿಂಬನ್ನು ಕೆಳಗೆ ಹಾಕಿ, ಟೋಪಿ ಸರಿಮಾಡಿಕೊಂಡು, ನೆಟ್ಟಗೆ ನಿಂತ. ಬಾರ್ಟ್ಲ್ ಬಾಯಲ್ಲಿ ಮೂಲಂಗಿ ಇಟ್ಟುಕೊಂಡೇ ಎದ್ದ. ಹದಿನೈದನೇ ಮೇಜು ಎದ್ದಿತು. ಹದಿನಾರು ಎದ್ದಿತು. ಒಂದು ಮೇಜಿನವರು ಎದ್ದ ಮೇಲೆ ಪಕ್ಕದವರು ಕೂತಿರುವುದು ಹೇಗೆ? ಬೆಂಚುಗಳು ಕಿರ್ರೆಂದವು. ಒಂದು ನಿಮಿಷದಲ್ಲಿ ಇಡೀ ಡೇರೆ ಎದ್ದು ನಿಂತಿತ್ತು. ಬ್ಯಾಂಡಿನ ಮುಖ್ಯಸ್ಥ ಮೈಕಿನಲ್ಲಿ, "ಆಶೆನ್‌ಬ್ರುನ್ ಹೇಗೆ ನಿಲ್ಲುತ್ತೆ ನೋಡಿ!" ಎಂದು ಗದ್ಗದಿತನಾದ. ಸಾವಿರ ಮಗ್ಗುಗಳು ಒಟ್ಟಿಗೆ ಮೇಲೆದ್ದವು. "ಪ್ರೋಸ್ಟ್!"

ಕೂತಿದ್ದವರು ಮೂರೇ ಗುಂಪು. ಮಂಡಿನೋವಿನ ಅಜ್ಜಿ. ಬೆಕ್ಕಸಬೆರಗಾಗಿದ್ದ ವೀಟಸ್, ಅವನೂ ಸುತ್ತ ನೋಡಿ ಕೊನೆಗೆದ್ದ. ಮತ್ತೆ ಮೂಲೆಯ ಎರಡು ಮೇಜು ಹಿಡಿದಿದ್ದ ಪಕ್ಕದೂರು ಒಬರ್‌ಲೋದವರು.

"ನಿಮ್ಮ ಬಿಯರ್ ಕುಡಿದ್ರೆ ನಿಲ್ಲೋಕೆ ಶಕ್ತಿ ಎಲ್ಲಿರುತ್ತೆ?" ಎಂದು ಅವರಲ್ಲೊಬ್ಬ ಕೂಗಿದ. "ನಮ್ಮೂರ ಬಿಯರನ್ನ ನಾವು ಮಲ್ಕೊಂಡೂ ಕುಡೀತೀವಿ!"

ಅಲ್ಲಿಗೆ ವಿಷಯ ಬಿಗಿಯಾಯಿತು. ಕ್ವಿರಿನನ ಚಡ್ಡಿಯಷ್ಟೇ ಬಿಗಿಯಾಯಿತು. ಒಬರ್‌ಲೋದವರ ಕಣ್ಣೆದುರಿಗೆ ಕೂರುವುದೆಂದರೆ ಊರಿನ ಮಾನ ಕೂತ ಹಾಗೆ. ಮೊದಲು ನಿಂತವನು ಕೂರುವ ತನಕ ಉಳಿದವರು ಯಾರೂ ಕೂರುವ ಹಾಗಿಲ್ಲ.

ಕಾಲು ಗಂಟೆ ಹೆಮ್ಮೆಯಲ್ಲಿ ಕಳೆಯಿತು. ಅರ್ಧ ಗಂಟೆಗೆ ಮುದುಕರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸತೊಡಗಿದರು. ನಿಂತವರ ನಡುವೆ ತೂರಿ ಬರಲಾಗದೆ ಆಫ್ರಳ ಕೈಯಲ್ಲಿ ಹುರಿದ ಕೋಳಿಗಳು ತಣ್ಣಗಾದವು. ಮುಕ್ಕಾಲು ಗಂಟೆಗೆ ಕ್ವಿರಿನನನ್ನು ನೋಡುತ್ತಿದ್ದ ಕಣ್ಣುಗಳಲ್ಲಿ ಗೌರವದ ಜೊತೆ ಬೇರೇನೋ ಬೆರೆಯಿತು.

ಬಾರ್ಟ್ಲ್ ಹಲ್ಲು ಕಚ್ಚಿ ಹೇಳಿದ. "ಕ್ವಿರಿನ್, ನಾನು ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಹಿಟ್ಟು ಕಲಸಿದೋನು. ಕಾಲು ಊದಿ ಬೂಟು ಬಿರೀತಿದೆ. ಗೌರವ ಸಾಕು, ಕೂರೋ ಮಾರಾಯ."

"ಬಾರ್ಟ್ಲ್, ನಿನಗೆ ಗೊತ್ತಲ್ಲ ನನ್ನ ಕಷ್ಟ. ಗುಂಡಿ ಹಾಕಿದೋನೇ ನೀನು!"

"ಹಾಕಬಾರದಿತ್ತು," ಎಂದ ಬಾರ್ಟ್ಲ್.

ಆಫ್ರ ಬಂದು ಎದುರಿಗೆ ನಿಂತಳು. "ನೋಡಪ್ಪ ಹೀಬ್ಲರ್. ನೂರೈವತ್ತು ವರ್ಷಕ್ಕೆ ನನ್ನದೂ ನಮಸ್ಕಾರ. ಆದ್ರೆ ಇನ್ನು ಐದು ನಿಮಿಷದಲ್ಲಿ ನೀನು ಕೂರದಿದ್ರೆ ಈ ಹನ್ನೆರಡು ಮಗ್ಗೂ ನಿನ್ನ ತಲೆ ಮೇಲಿಟ್ಟು ಮನೆಗೆ ಹೋಗ್ತೀನಿ."

ಆ ಇಕ್ಕಟ್ಟಿನಿಂದ ಅವನನ್ನು ಪಾರು ಮಾಡಿದ್ದು ಬ್ಯಾಂಡಿನವರ ಕೂಗು. ಮಗ್ಗು ಹಿಡಿಯುವ ಪಂದ್ಯ ಶುರುವಾಗಿತ್ತು. ತುಂಬಿದ ಲೀಟರ್ ಮಗ್ಗನ್ನು ಒಂದೇ ಕೈಯಲ್ಲಿ, ಮೊಣಕೈ ಮಡಚದೆ, ಹೆಗಲ ನೇರಕ್ಕೆ ಚಾಚಿ ಹಿಡಿಯಬೇಕು. ಹಿಂದಕ್ಕೆ ವಾಲಿದರೆ ಸೋತ, ಚೆಲ್ಲಿದರೆ ಸೋತ. ಮೂರು ವರ್ಷದಿಂದ ಗೆಲ್ಲುತ್ತಿದ್ದವನು ಒಬರ್‌ಲೋದ ಕಮ್ಮಾರ ಇಗ್ನಾಸ್. ಅವನ ತೋಳು ಕ್ವಿರಿನನ ತೊಡೆಯಷ್ಟಿತ್ತು; ಅದೂ ಈ ವರ್ಷದ ತೊಡೆಯಷ್ಟು. ಅವನು ವೇದಿಕೆ ಹತ್ತಿ ತೋಳು ಸವರಿಕೊಂಡು ಕೇಳಿದ.

"ಆಶೆನ್‌ಬ್ರುನ್‌ನಿಂದ ಯಾರು? ಅಥವಾ ಎಲ್ಲರೂ ಬರೀ ನಿಂತಿರೋದಕ್ಕೇ ಬಂದಿದೀರಾ?"

ಸಾವಿರ ಜನ ತಿರುಗಿ ಒಬ್ಬನನ್ನೇ ನೋಡಿದರು. "ಹೀಬ್ಲರ್! ಹೀಬ್ಲರ್!" ಎಂದು ಮೇಜು ಬಡಿದರು. ಕ್ವಿರಿನ್ ಬೇಡವೆಂದು ತಲೆಯಾಡಿಸಿದ. ಅದು ವಿನಯವೆಂದುಕೊಂಡು ಇನ್ನೂ ಜೋರಾಗಿ ಕೂಗಿದರು. ಕಾಸ್ಪರನ ನಾಲ್ವರು ಅಗ್ನಿಶಾಮಕರು ಅವನನ್ನು ಏಣಿಯ ಹಾಗೆ ಎತ್ತಿ ವೇದಿಕೆಯ ಮೇಲೆ ನಿಲ್ಲಿಸಿದರು. ಮೆಟ್ಟಿಲು ಹತ್ತುವ ಕಷ್ಟವೇನೋ ತಪ್ಪಿತು.

ಎಂಟು ಜನ ಸಾಲಾಗಿ ನಿಂತರು. ಮಗ್ಗುಗಳು ಮೇಲೆದ್ದವು. ಒಂದನೇ ನಿಮಿಷಕ್ಕೆ ಮೇಷ್ಟರ ಮಗ ಚೆಲ್ಲಿದ. ಎರಡನೇ ನಿಮಿಷಕ್ಕೆ ಇಬ್ಬರು ಹಿಂದಕ್ಕೆ ವಾಲಿ ಹೊರಬಿದ್ದರು. ಕ್ವಿರಿನ್ ವಾಲಲಿಲ್ಲ. ವಾಲಲು ಸೊಂಟ ಬೇಕು. ಅವನ ಸೊಂಟ ಬೆಳಗ್ಗೆಯಿಂದಲೇ ಕಡವೆಗಳ ವಶದಲ್ಲಿತ್ತು. ಒನಕೆ ನುಂಗಿದವನಂತೆ ನಿಂತಿದ್ದ. ಅಷ್ಟೇ ಅಲ್ಲ, ತೋಳು ಚಾಚುವಾಗ ಬಿಗಿದಿದ್ದ ಹೆಗಲಪಟ್ಟಿ ಜಾರಿ ಕಂಕುಳಿಗೆ ಸಿಕ್ಕಿಕೊಂಡು, ಬಾವಿಯ ಕೊಡವನ್ನು ಹಗ್ಗ ಹಿಡಿದ ಹಾಗೆ ತೋಳನ್ನು ಕೆಳಗಿನಿಂದ ಹಿಡಿದಿತ್ತು.

ಮೂರನೇ ನಿಮಿಷ. ನಾಲ್ಕು. ಉಳಿದವರು ಇಬ್ಬರೇ, ಇಗ್ನಾಸ್ ಮತ್ತು ಕ್ವಿರಿನ್.

ಪಟ್ಟಿಯ ಕೃಪೆ ನಾಲ್ಕು ನಿಮಿಷಕ್ಕೆ ಮುಗಿಯಿತು. ಚರ್ಮ ಜಾರಿ ಹೆಗಲಿಗೆ ಮರಳಿತು. ಈಗ ತೋಳು ಒಂಟಿಯಾಯಿತು. ಮಗ್ಗು ಮೊದಲು ಕಲ್ಲಾಯಿತು, ಆಮೇಲೆ ರೈಲಿನ ಗಾಲಿಯಾಯಿತು. ಬೆರಳು ಮರಗಟ್ಟಿತು. ಬೆವರು ಕಣ್ಣಿಗಿಳಿಯಿತು. ಬಿಟ್ಟುಬಿಡೋಣವೆಂದು ಕ್ವಿರಿನ್ ಕೆಳಗೆ ನೋಡಿದ. ಸಾವಿರ ಜನ, ಊದಿದ ಕಾಲಿನವರು, ಹಸಿದವರು, ಹತ್ತು ನಿಮಿಷದ ಹಿಂದೆ ಅವನನ್ನು ಶಪಿಸುತ್ತಿದ್ದವರು, ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದರು. ಬುರ್ಗಿ ಎರಡು ಮುಷ್ಟಿಯನ್ನೂ ಬಾಯಿಗೆ ಒತ್ತಿಕೊಂಡಿದ್ದಳು. ಕುರ್ಚಿಗೆ ಅಂಟಿಕೊಂಡು ಬದುಕಿದ ತನ್ನನ್ನು ಊರು ಹೀಗೆ ಎಂದೂ ನೋಡಿರಲಿಲ್ಲ. ಒಂಬತ್ತು ರೈಲಿಗೆ ಹಸಿರು ದೀಪ ತೋರಿಸುವವನನ್ನು ನೋಡುವುದಾದರೂ ಯಾರು? ಅವನು ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ತೋಳು ತನ್ನದೇ ಅಲ್ಲ ಎಂದುಕೊಂಡು ನಿಂತ.

ಯಾವುದೋ ಗಾಜು ಒಡೆದ ಸದ್ದು. ಕಣ್ಣು ಬಿಟ್ಟರೆ ಇಗ್ನಾಸನ ಮಗ್ಗು ಹಲಗೆಯ ಮೇಲೆ ಚೂರಾಗಿತ್ತು.

ಡೇರೆಯ ಬಟ್ಟೆ ಹಾರಿಹೋಗುವಂಥ ಕೂಗು ಎದ್ದಿತು. ಅಪ್ಪಿಕೊಳ್ಳಲು ಬಂದ ಮೊದಲಿಗ ಇಗ್ನಾಸನೇ. "ನಿಮ್ಮೂರವರು ಬರೀ ಬಾಯಿ ಅಂದ್ಕೊಂಡಿದ್ದೆ. ಅಲ್ಲ ಬಿಡು," ಎಂದ. ಒಬರ್‌ಲೋದ ಎರಡೂ ಮೇಜುಗಳು ಎದ್ದು ನಿಂತವು. ಆಶೆನ್‌ಬ್ರುನ್‌ನ ಹೆಂಗಸರು ಅತ್ತರು. ಕ್ವಿರಿನನ ಕೈ ಚಾಚಿದ ಹಾಗೆಯೇ ಗಟ್ಟಿಯಾಗಿತ್ತು. ಕಾಸ್ಪರ್ ಬಂದು ಅದನ್ನು ರೈಲ್ವೆ ಗೇಟಿನ ಹಾಗೆ ಕೆಳಗಿಳಿಸಬೇಕಾಯಿತು.

"ಈಗ ಬಹುಮಾನ!" ಎಂದ ಬ್ಯಾಂಡಿನ ಮುಖ್ಯಸ್ಥ.

ಪರದೆಯ ಹಿಂದಿನಿಂದ ಇಬ್ಬರು ಅದನ್ನು ಹೊತ್ತು ತಂದರು. ಓಕ್ ಮರದ, ಸಿಂಹದ ತಲೆ ಕೆತ್ತಿದ, ಕೆಂಪು ಮಖಮಲ್ಲಿನ ದೊಡ್ಡ ಕುರ್ಚಿ. "ನೂರೈವತ್ತನೇ ವರ್ಷದ ವಿಶೇಷ! ಗೆದ್ದವನು ಸಂಜೆವರೆಗೂ ಇಲ್ಲಿ, ಎಲ್ಲರ ಎದುರಿಗೆ, ರಾಜನ ಹಾಗೆ ಕೂರ್ತಾನೆ. ಕೇಳಿದಷ್ಟು ಬಿಯರು, ಕೇಳಿದಷ್ಟು ಕೋಳಿ!"

ಕ್ವಿರಿನ್ ಕುರ್ಚಿ ನೋಡಿದ. ಕುರ್ಚಿಯ ಸಿಂಹ ಕ್ವಿರಿನನನ್ನು ನೋಡಿತು.

"ಕೂರು!" ಎಂದ ಬಾರ್ಟ್ಲ್, ಎದೆಯಾಳದಿಂದ. ಆ ಒಂದು ಮಾತಿಗೇ ಕಾದಿದ್ದ ಹಾಗೆ ಇಡೀ ಡೇರೆ ಗರ್ಜಿಸಿತು. "ಕೂರು! ಕೂರು! ಕೂರು!" ಅವನು ಕೂತರೆ ತಾನೇ ಅವರು ಕೂರುವುದು. ಆಫ್ರ ಮಗ್ಗಿನಿಂದ ಮೇಜು ಕುಟ್ಟುತ್ತಿದ್ದಳು. ಕ್ವಿರಿನ್ ಮಂಡಿಯನ್ನು ಒಂದು ಬೆರಳಿನಷ್ಟು ಮಡಚಿ ನೋಡಿದ. ಹೊಲಿಗೆ ಕಿರ್ರೆಂದಿತು. ಅಜ್ಜನ ಚಡ್ಡಿಯನ್ನು ಸಾವಿರ ಜನರ ಮುಂದೆ ಹರಿಯುವುದೇ? ಈಗಷ್ಟೇ ಊರಿನ ಮಾನ ಎತ್ತಿ ಹಿಡಿದವನು ಅದೇ ವೇದಿಕೆಯಲ್ಲಿ ಅದನ್ನು ಎರಡು ಭಾಗ ಮಾಡುವುದೇ?

ಅವನು ಮೈಕಿನ ಹತ್ತಿರ ಸರಿದ.

"ನನಗೆ ಕೂರೋಕಾಗಲ್ಲ," ಎಂದ. "ನಾನು ನಿಂತಿದ್ದು ಬಿಯರ್ ಗೌರವಕ್ಕಲ್ಲ. ನಮ್ಮಜ್ಜನ ಚಡ್ಡಿ ನನಗೆ ಬಿಗಿ. ಬೆಳಗ್ಗೆ ಇಬ್ಬರು ಸೇರಿ ಹಾಕಿದ್ದು. ನೀವೆಲ್ಲ ನನ್ನಿಂದ ಕಾಲು ನೋಯಿಸ್ಕೊಂಡ್ರಿ, ತಪ್ಪಾಯ್ತು. ಇದು ಇನ್ನು ನನ್ನದಲ್ಲ. ವೀಟಸ್, ಬಾ. ನಿನ್ನ ಚಡ್ಡಿ ತಗೋ."

ಮರುಗಳಿಗೆ ಸಾವಿರ ಜನ ಒಟ್ಟಿಗೆ ಬೆಂಚುಗಳ ಮೇಲೆ ಕುಸಿದ ಸದ್ದು ಗುಡುಗಿದ ಹಾಗೆ ಕೇಳಿತು. ಅದರ ಹಿಂದೆಯೇ ನಗು. ಆದರೆ ಕೆಟ್ಟ ನಗುವಲ್ಲ. "ನಿಜ ಹೇಳೋಕೂ ಗಂಡೆದೆ ಬೇಕು!" ಎಂದು ಇಗ್ನಾಸ್ ಕೂಗಿದ. ಚಪ್ಪಾಳೆ ಎದ್ದಿತು.

ಪರದೆಯ ಹಿಂದೆ ಗುಂಡಿ ಬಿಚ್ಚಿದಾಗ ಕ್ವಿರಿನನ ಹೊಟ್ಟೆ ಊರಿಗೆ ಮರಳಿದ ಸೈನಿಕನ ಹಾಗೆ ಹೊರಗೆ ಹಾರಿ ಬಂತು. ವೀಟಸ್ ಎರಡೂ ಕೈಯಿಂದ ಚಡ್ಡಿಯನ್ನು ಎತ್ತಿಕೊಂಡ. ಕ್ವಿರಿನನಿಗೆ ಉಡಲು ಬೇರೇನೂ ಇರಲಿಲ್ಲ. ಆಫ್ರ ತನ್ನ ಬಿಳಿ ಏಪ್ರನ್ ಬಿಚ್ಚಿ, ಇನ್ನೊಂದನ್ನು ಅಡುಗೆಯವರಿಂದ ತಂದು, ಮುಂದೊಂದು ಹಿಂದೊಂದು ಕಟ್ಟಿಕೊಟ್ಟಳು.

ಹೀಗೆ ಕ್ವಿರಿನ್ ಹೀಬ್ಲರ್ ಎರಡು ಏಪ್ರನ್ ಉಟ್ಟು ಸಿಂಹದ ಕುರ್ಚಿಯಲ್ಲಿ ಕೂತ. ಆಹಾ, ಆ ಕೂರುವಿಕೆ! ಮಖಮಲ್ಲು ಅವನನ್ನು ತಾಯಿಯ ಹಾಗೆ ತಬ್ಬಿತು. ಕೈಗೆ ತಂಪು ಮಗ್ಗು ಬಂತು, ಮಡಿಲಿಗೆ ಬಿಸಿ ಕೋಳಿ ಬಂತು. ಚಡ್ಡಿ ಹೋದ ದುಃಖ ಎದೆಯಲ್ಲಿತ್ತು, ನಿಜ. ಆದರೆ ಎದೆಯ ಕೆಳಗೆ ಎಲ್ಲೆಲ್ಲೂ ಸುಖವಿತ್ತು. ಇನ್ನು ಪ್ರತಿ ವರ್ಷ ಹೊಟ್ಟೆ ತುಂಬ ಕೇಕು ತಿಂದು ಬಂದು ಕೂರಬಹುದು. ಅವನು ಕೋಳಿಯ ತೊಡೆಗೆ ಬಾಯಿ ಹಾಕಿದ.

ಕೆಳಗೆ ವೀಟಸ್ ಚಡ್ಡಿ ತೊಟ್ಟು ಬಂದಿದ್ದ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತ್ತು. ಅವನು ಬೆಂಚಿನ ಮೇಲೆ ಕೂತು, ಎದ್ದು, ಕಾಲ ಮೇಲೆ ಕಾಲು ಹಾಕಿ ಮತ್ತೆ ಕೂತು ತೋರಿಸಿದ. ಹತ್ತು ವರ್ಷದ ಕನಸು ಕಣ್ಣಲ್ಲಿ ತುಳುಕುತ್ತಿತ್ತು.

ಆಗ ಅಜ್ಜಿ ಕೋಳಿಯ ಕೊನೆಯ ಎಲುಬನ್ನು ತಟ್ಟೆಗಿಟ್ಟು, ಬಾಯಿ ಒರೆಸಿಕೊಂಡು, ಊರುಗೋಲು ಕುಟ್ಟಿದಳು.

"ವೀಟಸ್, ಕೂತ್ಕೊಂಡ್ರೆ ಎಲ್ಲಾದ್ರೂ ಒತ್ತುತ್ತಾ?"

"ಇಲ್ಲವೇ ಇಲ್ಲ ಅಜ್ಜಿ! ಮೋಡದ ಮೇಲೆ ಕೂತ ಹಾಗಿದೆ."

"ಹಂಗಾದ್ರೆ ಬಿಚ್ಚು. ಅದು ನಿನಗೆ ಸರಿಹೋಗಲ್ಲ."

ವೀಟಸ್ ಎರಡೂ ಕೈಯಲ್ಲಿ ಹೆಗಲಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಕಾಸ್ಪರ್ ಮೈಕನ್ನು ಅಜ್ಜಿಯ ಹತ್ತಿರ ತಂದ. ಅಜ್ಜಿಗೆ ಅದರ ಅಗತ್ಯವೇನೂ ಇರಲಿಲ್ಲ.

"ನಿಮ್ಮಜ್ಜ ಇದನ್ನ ಹೊಲಿಸಿದ್ದು ಹತ್ತೊಂಬತ್ತನೇ ವಯಸ್ಸಲ್ಲಿ. ಇಪ್ಪತ್ತರಲ್ಲಿ ನನ್ನ ಮದುವೆಯಾದ. ನನ್ನ ಕೈಯ ಹಂದಿಮಾಂಸ, ಕಡುಬು ತಿಂದ. ಇಪ್ಪತ್ತೊಂದರ ಹಬ್ಬಕ್ಕೆ ಈ ಚಡ್ಡೀಲಿ ಕೂರೋಕಾಗಲಿಲ್ಲ. ಹೊಸದು ಹೊಲಿಸೋಣ ಅಂದ್ರೆ ಒಪ್ಪಲಿಲ್ಲ, ಜಂಬ. ಅರವತ್ತು ವರ್ಷ, ಒಂದು ಹಬ್ಬದಲ್ಲೂ ಅವನು ಕೂರಲಿಲ್ಲ ಕಣ್ರೋ! ಊರವರು, ಆಹಾ ಕ್ಸಾವರ್ ಎಷ್ಟು ನೆಟ್ಟಗೆ ನಿಲ್ತಾನೆ, ಎಂಥ ಸ್ವಾಭಿಮಾನ ಅಂದ್ರು. ಅದನ್ನೇ ನೋಡಿ ಬಂದೂಕು ಸಂಘದ ಅಧ್ಯಕ್ಷನ್ನ ಮಾಡಿದ್ರು. ಸಾಯೋವಾಗ ನನ್ನ ಕೈ ಹಿಡಿದು, ಕ್ರೆಸೆನ್ಸ್, ಯಾರಿಗೂ ಹೇಳಬೇಡ ಅಂದ. ಇವತ್ತಿನವರೆಗೂ ಹೇಳಿರಲಿಲ್ಲ."

ಹಿರಿಯರ ಮೇಜುಗಳಲ್ಲಿ ಗುಸುಗುಸು ಎದ್ದಿತು. ಒಬ್ಬ ಮುದುಕ, "ಅದಕ್ಕೇ ಅವನು ನನ್ನ ಮದುವೇಲೂ ಕೂರಲಿಲ್ಲ!" ಎಂದು ಹಣೆ ಬಡಿದುಕೊಂಡ.

"ಸರಿಹೋಗೋದು ಅಂದ್ರೆ ಅದು," ಎಂದಳು ಅಜ್ಜಿ. "ಹತ್ತು ವರ್ಷ ಈ ಕ್ವಿರಿನ್ ಅದನ್ನ ಹಾಕ್ಕೊಂಡು ಬೆಂಚಿನ ಮೇಲೆ ಆಲೂಗೆಡ್ಡೆ ಮೂಟೆ ಥರ ಕೂರ್ತಿದ್ದ. ನೋಡಿ ನೋಡಿ ಹೊಟ್ಟೆ ಉರಿದುಹೋಗ್ತಿತ್ತು ನನಗೆ. ಇಬ್ಬರಲ್ಲಿ ಒಬ್ಬನಾದ್ರೂ ಯಾವಾಗ ಸರಿಯಾಗಿ ದಪ್ಪ ಆಗ್ತಾನೋ ಅಂತ ಕಾಯ್ತಿದ್ದೆ. ಇವತ್ತು ಇವನು ಒಳಗೆ ಬಂದು ನಿಂತ ನೋಡು, ನನ್ನ ಕ್ಸಾವರನೇ ಎದ್ದು ಬಂದ ಹಾಗಾಯ್ತು." ಅವಳ ಊರುಗೋಲು ವೇದಿಕೆಯತ್ತ ತಿರುಗಿತು. "ಕ್ವಿರಿನ್! ಚಡ್ಡಿ ನಿನ್ನದೇ. ಸಾಯೋವರೆಗೂ ನಿನ್ನದೇ. ಇಳಿದು ಬಾ, ಹಾಕ್ಕೋ. ಸಂಜೆಯಾಗೋಕೆ ಇನ್ನೂ ನಾಲ್ಕು ಗಂಟೆ ಇದೆ."

ಕ್ವಿರಿನನ ಬಾಯಲ್ಲಿ ಕೋಳಿಯಿತ್ತು. "ಅಜ್ಜಿ," ಎಂದ ಕಷ್ಟಪಟ್ಟು ನುಂಗಿ, "ಕೊಟ್ಟಿದ್ದನ್ನ ವಾಪಸ್ ಇಸ್ಕೊಳ್ಳೋದು ಚೆನ್ನಾಗಿರಲ್ಲ. ವೀಟಸ್ ಪಾಪ ಆಸೆಪಟ್ಟಿದಾನೆ..."

"ಹಾಕ್ಕೋ!" ಎಂದಿತು ಇಡೀ ಡೇರೆ. ಈ ಸಲ ಎಲ್ಲರೂ ಆರಾಮಾಗಿ ಕೂತಿದ್ದರು.

ಪರದೆಯ ಹಿಂದೆ ಬುರ್ಗಿ, ಬಾರ್ಟ್ಲ್, ನಾಲ್ವರು ಅಗ್ನಿಶಾಮಕರು, ಇಗ್ನಾಸ್. ಬೆಳಗ್ಗೆ ಇಬ್ಬರಿಂದ ಆದ ಕೆಲಸಕ್ಕೆ ಅರ್ಧ ಕೋಳಿ ಒಳಗೆ ಹೋದ ಮೇಲೆ ಏಳು ಜನ ಬೇಕಾಯಿತು. ಕೊನೆಯ ಗುಂಡಿಯನ್ನು ಕಮ್ಮಾರನೇ ಎಳೆದು ಹಾಕಿದ.

ಕ್ವಿರಿನ್ ಹೊರಗೆ ಬಂದಾಗ ಬ್ಯಾಂಡು ಬಾರಿಸಿತು. ಖಾಲಿ ಕುರ್ಚಿ ಸುಮ್ಮನೆ ಹಾಳಾಗುವುದು ಬೇಡವೆಂದು, ಚಡ್ಡಿ ಕಳೆದುಕೊಂಡ ದುಃಖಕ್ಕೆ ಸಮಾಧಾನವಾಗಿ, ಅಲ್ಲಿ ವೀಟಸನನ್ನು ಕೂರಿಸಿದ್ದರು. ಅವನು ಮಖಮಲ್ಲಿಗೆ ಒರಗಿ, ಕ್ವಿರಿನನ ಕೋಳಿಯ ಉಳಿದರ್ಧವನ್ನು ನಿಧಾನವಾಗಿ ತಿನ್ನುತ್ತಿದ್ದ.

"ಮುಂದಿನ ವರ್ಷದ ಹೊತ್ತಿಗೆ ಇನ್ನೊಂದಿಷ್ಟು ಕೇಕು ಮಾಡಿ ಹಾಕೇ ಬುರ್ಗಿ," ಎಂದು ಅಜ್ಜಿ ಕೂಗಿ ಹೇಳಿದಳು. "ಸ್ವಲ್ಪ ಸಡಿಲ ಇರೋ ಹಾಗೆ ಕಾಣುತ್ತೆ."

ಕ್ವಿರಿನ್ ಕುರ್ಚಿಯ ಪಕ್ಕದಲ್ಲಿ ಎದೆ ಸೆಟೆಸಿ, ತಲೆ ಎತ್ತಿ, ಅಭಿಮಾನದಿಂದ ನಿಂತ. ಬೇರೆ ರೀತಿಯಲ್ಲಿ ನಿಲ್ಲಲು ಆ ಚಡ್ಡಿಯಲ್ಲಿ ಜಾಗವೂ ಇರಲಿಲ್ಲ.